ನಿಮಗಿದು ಗೊತ್ತೇ? ಬೆಳಗಿನ ಕಿಕ್ಕು, ಮಧ್ಯಾಹ್ನದ ಹೀಟು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಈ ನಾಲ್ಕು ತಾಲ್ಲೂಕುಗಳ ಯಾವ ಗ್ಯಾರೇಜಿನ ಮುಂದೆ ನಿಂತರೂ ಧನುರ್ಮಾಸದಲ್ಲಿ ಒಂದು ದೂರು, ಶಿವರಾತ್ರಿ ಕಳೆದ ಮೇಲೆ ಇನ್ನೊಂದು. "ಬೆಳಿಗ್ಗೆ ಎಷ್ಟು ಕಿಕ್ ಹೊಡೆದ್ರೂ ಸ್ಟಾರ್ಟ್ ಆಗಲ್ಲ" ಅನ್ನುವುದು ಮೊದಲನೆಯದು. "ಗಾಡಿ ಸಿಕ್ಕಾಪಟ್ಟೆ ಹೀಟ್ ಆಗ್ತಿದೆ" ಅನ್ನುವುದು ಎರಡನೆಯದು. ಇವೆರಡೂ ಬೇರೆ ಬೇರೆ ಕಾಯಿಲೆ ಎಂದು ನಂಬಿದವರೇ ಹೆಚ್ಚು. ಎಷ್ಟೋ ಸಲ ಎರಡರ ಬೇರೂ ಒಂದೇ. ಅದು ಅದೇ ಗಿರಾಕಿ ಹೋದ ತಿಂಗಳು ಕೇಳಿದ "ಅಣ್ಣಾ, ಮೈಲೇಜಿಗೆ ಸೆಟ್ ಮಾಡ್ಕೊಡಿ" ಎಂಬ ಮಾತು.

◆ ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿಯಲು ಎಷ್ಟು ಗಾಳಿ ಬೇಕು ಗೊತ್ತೇ? ಮೈಸೂರು ಸೀಮೆಯ ಎತ್ತರದಲ್ಲಿ ಸುಮಾರು 10,000 ಲೀಟರ್! ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ. ಪೆಟ್ರೋಲ್ ಬಂಕಿನಲ್ಲಿ ನಾವು ದುಡ್ಡು ಕೊಡುವುದು ಆ ಒಂದು ಪಾಲಿಗೆ ಮಾತ್ರ. ಗಾಳಿ ಇದಕ್ಕಿಂತ ಹೆಚ್ಚಿದ್ದರೆ ‘ಲೀನ್’, ಪೆಟ್ರೋಲ್ ಹೆಚ್ಚಿದ್ದರೆ ‘ರಿಚ್’ ಎನ್ನುವುದು ಗ್ಯಾರೇಜಿನ ಭಾಷೆ.

◆ ಹಾಗಾದರೆ 14.7ಕ್ಕೆ ಸೆಟ್ ಮಾಡಿದರೆ ಮುಗಿಯಿತಲ್ಲ? ಇಲ್ಲ. ಇಂಜಿನ್ ಹೆಚ್ಚು ಶಕ್ತಿ ಕೊಡುವುದು 12.5ರಿಂದ 13ರ ಸುಮಾರಿನಲ್ಲಿ. ಹೆಚ್ಚು ಮೈಲೇಜ್ ಕೊಡುವುದು 15.5ರಿಂದ 16ರ ಸುಮಾರಿನಲ್ಲಿ. ತಣ್ಣಗಿರುವ ಇಂಜಿನ್ ಎದ್ದೇಳಬೇಕಾದರೆ 9 ಅಥವಾ ಇನ್ನೂ ಕಡಿಮೆ. ಹೀಗೆ ಒಂದೇ ಗಾಡಿಗೆ ಒಂದೇ ದಿನದಲ್ಲಿ ಮೂರು ಹದ ಬೇಕು. ಒಂದು ಸ್ಕ್ರೂ ತಿರುಗಿಸಿ ಮೂರನ್ನೂ ಕೊಡಿಸುತ್ತೇನೆ ಎನ್ನುವ ಮೆಕ್ಯಾನಿಕ್ ಸಿಕ್ಕಿದರೆ ಜೇಬು ಹುಷಾರು.

◆ ದ್ರವರೂಪದ ಪೆಟ್ರೋಲ್ ಉರಿಯುವುದೇ ಇಲ್ಲ, ಉರಿಯುವುದು ಅದರ ಆವಿ. ಪೆಟ್ರೋಲ್ ಎಂಬುದು ನೂರಾರು ಬಗೆಯ ಹೈಡ್ರೋಕಾರ್ಬನ್‌ಗಳ ಬೆರಕೆ. ಕೆಲವು ಬೇಗ ಆವಿಯಾಗುತ್ತವೆ, ಕೆಲವಕ್ಕೆ ಚೆನ್ನಾಗಿ ಬಿಸಿ ಬೇಕು. ಚಳಿಯ ಬೆಳಿಗ್ಗೆ ಹಗುರವಾದವು ಮಾತ್ರ ಗಾಳಿಯೊಂದಿಗೆ ಬೆರೆಯುತ್ತವೆ. ಉಳಿದದ್ದು ಮ್ಯಾನಿಫೋಲ್ಡಿನ ಗೋಡೆಗೂ ಸಿಲಿಂಡರಿನ ಗೋಡೆಗೂ ಹನಿಯಾಗಿ ಅಂಟಿಕೊಳ್ಳುತ್ತದೆ. ಕಾರ್ಬುರೇಟರ್ ಸರಿಯಾದ ಪಾಲನ್ನೇ ಕಳಿಸಿದರೂ ಪ್ಲಗ್ ಹತ್ತಿರ ತಲುಪುವ ಆವಿ ಲೀನ್ ಆಗಿರುತ್ತದೆ. ಚೋಕ್ ಎಳೆಯುವುದು ಈ ನಷ್ಟ ತುಂಬಿಕೊಡಲು. ಐದು ಪಾಲು ಸುರಿದರೆ ಎರಡು ಪಾಲಾದರೂ ಆವಿಯಾಗಲಿ ಎಂಬ ಲೆಕ್ಕಾಚಾರ.

◆ ಮೈಸೂರಿನ ಹವಾಮಾನ ದಾಖಲೆಯಲ್ಲಿ ಅತಿ ಕಡಿಮೆ ಉಷ್ಣಾಂಶ 7.7 ಡಿಗ್ರಿ, 2012ರ ಜನವರಿ 16ರಂದು ದಾಖಲಾದದ್ದು. ಸಂಕ್ರಾಂತಿ ಮುಗಿದ ಮಾರನೇ ದಿನವೇ ಅನ್ನಿ. ಲಡಾಖಿನವರಿಗೆ ಇದು ಚಳಿಯೇ ಅಲ್ಲ. ಆದರೆ ಮೈಲೇಜಿಗೆಂದು ಲೀನ್ ಮಾಡಿಟ್ಟ ನೂರು ಸಿಸಿ ಬೈಕಿಗೆ 12 ಡಿಗ್ರಿಯೇ ಸಾಕು, ಸತಾಯಿಸಲು ಶುರುಮಾಡುತ್ತದೆ.

◆ ಇನ್ನೊಂದು ವಿಚಿತ್ರ ಕೇಳಿ. ತಣ್ಣನೆಯ ಗಾಳಿ ದಟ್ಟವಾಗಿರುತ್ತದೆ, ಬಿಸಿ ಗಾಳಿ ತೆಳುವಾಗಿರುತ್ತದೆ. ಕಾರ್ಬುರೇಟರಿಗೆ ಗಾಳಿಯ ತೂಕ ತೂಗುವ ಉಪಾಯ ಗೊತ್ತಿಲ್ಲ, ಗಾಳಿ ನುಗ್ಗುವಾಗ ಉಂಟಾಗುವ ಸೆಳೆತಕ್ಕೆ ಸರಿಯಾಗಿ ಪೆಟ್ರೋಲ್ ಬಿಡುವುದಷ್ಟೇ ಗೊತ್ತು. ಹಾಗಾಗಿ ಗಾಳಿ ದಟ್ಟವಾದರೆ ಹದ ಲೀನ್ ಕಡೆಗೆ, ತೆಳುವಾದರೆ ರಿಚ್ ಕಡೆಗೆ ವಾಲುತ್ತದೆ. ಮಡಿಕೇರಿ ಮೈಸೂರಿಗಿಂತ ಸುಮಾರು 400 ಮೀಟರ್ ಎತ್ತರದಲ್ಲಿದೆ, ಅಲ್ಲಿನ ಗಾಳಿ ಎತ್ತರದ ಕಾರಣಕ್ಕೆ ಸುಮಾರು ಶೇ. 4ರಷ್ಟು ತೆಳು. ಹುಣಸೂರಿನಲ್ಲಿ ಫೆಬ್ರುವರಿಯ ಒಂದು ದಿನ ಬೆಳಿಗ್ಗೆ 14 ಡಿಗ್ರಿ, ಮಧ್ಯಾಹ್ನ 30 ಡಿಗ್ರಿ ಇದ್ದರೆ ಗಾಳಿಯ ದಟ್ಟಣೆಯ ವ್ಯತ್ಯಾಸ ಶೇ. 5ನ್ನೂ ದಾಟುತ್ತದೆ. ಅಂದರೆ ಬೈಕು ಜಗಲಿ ಬಿಟ್ಟು ಕದಲದಿದ್ದರೂ ಬೆಳಗ್ಗಿನಿಂದ ಮಧ್ಯಾಹ್ನದೊಳಗೆ ಘಾಟಿಯನ್ನೇ ಹತ್ತಿದಷ್ಟು ಬದಲಾವಣೆ ಕಂಡಿರುತ್ತದೆ. "ಘಾಟಿ ಹತ್ತುವಾಗ ಟ್ಯೂನಿಂಗ್ ಬದಲಿಸಬೇಕಾ" ಎಂದು ಕೇಳುವವರು ಇದನ್ನು ಗಮನಿಸಬೇಕು. ಮಡಿಕೇರಿಯಲ್ಲಿ ಚಳಿಯೂ ಇರುವುದರಿಂದ ಎತ್ತರ ತೆಳುಮಾಡಿದ ಗಾಳಿಯನ್ನು ಚಳಿ ಮತ್ತೆ ಅಷ್ಟಿಷ್ಟು ದಟ್ಟ ಮಾಡಿರುತ್ತದೆ. ಅಲ್ಲಿಗೆ ಹೋಗಿಬರಲು ಸ್ಕ್ರೂ ಮುಟ್ಟುವ ಕಾರಣವೇ ಇಲ್ಲ.

ಮೊದಲಿಗೆ ಹೇಳಿದ ಮಾತಿನ ಒಳಗುಟ್ಟು ಇಲ್ಲಿದೆ. ಟ್ಯೂನಿಂಗ್ ನಡೆಯುವುದು ಹನ್ನೊಂದು ಗಂಟೆಯ ಮೇಲೆ, ಇಂಜಿನ್ ಬಿಸಿಯಾಗಿದ್ದಾಗ. ಮೆಕ್ಯಾನಿಕ್ ಹಾಗೆ ಮಾಡುವುದೇ ಸರಿ, ತಣ್ಣನೆಯ ಇಂಜಿನ್‌ನಲ್ಲಿ ಐಡ್ಲಿಂಗ್ ಸೆಟ್ ಮಾಡಿದರೆ ಬಿಸಿಯಾದ ಮೇಲೆ ಅದು ಹಿಡಿತಕ್ಕೆ ಸಿಗುವುದಿಲ್ಲ. ಆದರೆ ಮಧ್ಯಾಹ್ನದ ತೆಳುಗಾಳಿಯಲ್ಲಿ ‘ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ’ ಎಂದು ಲೀನ್ ಅಂಚಿಗೆ ತಂದಿಟ್ಟ ಹದ ಮಾರನೇ ಬೆಳಿಗ್ಗೆಯ ದಟ್ಟಗಾಳಿಯಲ್ಲಿ ಆ ಅಂಚನ್ನೂ ದಾಟಿ ಹೋಗಿರುತ್ತದೆ. ಜೊತೆಗೆ ಪೆಟ್ರೋಲ್ ಸರಿಯಾಗಿ ಆವಿಯೂ ಆಗುತ್ತಿಲ್ಲ. ಕಿಕ್ ಹೊಡೆದವರ ಮೊಣಕಾಲಿಗೆ ನೋವು ಬರದೆ ಇನ್ನೇನು?

◆ ಎಲ್ಲ ಚೋಕೂ ಒಂದೇ ಅಲ್ಲ. ಕೆಲವು ಕಾರ್ಬುರೇಟರಿನಲ್ಲಿ ಚೋಕ್ ಎಂದರೆ ಗಾಳಿಯ ದಾರಿಯನ್ನೇ ಮುಚ್ಚುವ ತಗಡಿನ ಬಾಗಿಲು. ಇನ್ನು ಕೆಲವು ಬೈಕುಗಳಲ್ಲಿ ಆ ಬಾಗಿಲೇ ಇಲ್ಲ, ಲಿವರ್ ಎತ್ತಿದರೆ ಹೆಚ್ಚುವರಿ ಪೆಟ್ರೋಲಿನ ಸಣ್ಣ ದಾರಿಯೊಂದು ತೆರೆದುಕೊಳ್ಳುತ್ತದೆ. ಈ ಎರಡನೇ ಬಗೆ ಕೆಲಸ ಮಾಡಬೇಕಾದರೆ ಆಕ್ಸಿಲರೇಟರ್ ಪೂರ್ತಿ ಮುಚ್ಚಿರಬೇಕು. ತಿರುವಿದರೆ ಸೆಳೆತ ಬಿದ್ದುಹೋಗಿ ಹೆಚ್ಚುವರಿ ಪೆಟ್ರೋಲ್ ಮೇಲೇಳುವುದೇ ಇಲ್ಲ. ಚೋಕನ್ನೂ ಹಾಕಿ, ಆಕ್ಸಿಲರೇಟರನ್ನೂ ತಿರುವಿ, ಕಿಕ್ಕನ್ನೂ ಹೊಡೆದು, ಕೊನೆಗೆ ಗಾಡಿಗೆ ಬೈಯುವವರು ಊರಿಗೊಬ್ಬರಾದರೂ ಇದ್ದಾರೆ.

◆ ಮೈಸೂರಿನ ಯಾದವಗಿರಿಯಲ್ಲಿ ಹುಟ್ಟಿದ ಜಾವಾಕ್ಕೆ ಚಳಿಯ ಉಪಾಯ ಇನ್ನೂ ಸರಳ. ಕಾರ್ಬುರೇಟರಿನ ಮೇಲೊಂದು ಸಣ್ಣ ಗುಂಡಿ. ಒತ್ತಿದರೆ ಒಳಗಿನ ಫ್ಲೋಟ್ ಮುಳುಗಿ ಪೆಟ್ರೋಲ್ ತುಂಬಿ ಬರುತ್ತದೆ. ಬೆರಳಿಗೆ ಒದ್ದೆ ತಗುಲಿದರೆ ಸಾಕು, ಕಿಕ್. ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಅವರ ಐಡಿಯಲ್ ಜಾವಾ ಕಾರ್ಖಾನೆ ಜೆಕೊಸ್ಲೊವಾಕಿಯಾದ ಜಾವಾ ಪರವಾನಗಿಯಲ್ಲಿ 1961ರಲ್ಲಿ ಬೈಕು ತಯಾರಿಕೆ ಶುರುಮಾಡಿತು. ಉದ್ಘಾಟಿಸಿದವರು ಜಯಚಾಮರಾಜೇಂದ್ರ ಒಡೆಯರ್. 1973ರಿಂದ ಯೆಜ್ಡಿ ಎಂಬ ಹೆಸರು ಬಂತು, 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಕಿಕ್ ಹೊಡೆಯುವ ಲಿವರನ್ನೇ ಮುಂದಕ್ಕೆ ಮಡಚಿದರೆ ಅದೇ ಗೇರ್ ಲಿವರ್! ಈ ಸೀಮೆಯ ಅನೇಕ ಹಿರಿಯ ಮೆಕ್ಯಾನಿಕ್‌ಗಳು ಹದ ಕಲಿತದ್ದು ಮೀಟರಿನಿಂದಲ್ಲ, ಈ ಎರಡು ಸೈಲೆನ್ಸರಿನ ಟೂ ಸ್ಟ್ರೋಕ್ ಗಾಡಿಯ ಸದ್ದಿನಿಂದ.

◆ ಟೂ ಸ್ಟ್ರೋಕ್ ಗಾಡಿಗೆ ಆಯಿಲ್ ಜಾಸ್ತಿ ಬೆರೆಸಿದರೆ ಇಂಜಿನ್ ತಣ್ಣಗಿರುತ್ತದೆ ಎಂಬ ನಂಬಿಕೆ ಜಾವಾ ಕಾಲದಿಂದಲೂ ಇದೆ. ನಿಜ ಸಂಗತಿ ಅರ್ಧ ತಿರುಗುಮುರುಗು. ಲೀಟರಿಗೆ 40 ಮಿಲಿ ಆಯಿಲ್ ಹಾಕಿದರೆ 25ಕ್ಕೆ 1ರ ಬೆರಕೆ. ಅದನ್ನು 80 ಮಿಲಿಗೆ ಏರಿಸಿದಿರಿ ಅನ್ನಿ. ಜೆಟ್ಟಿನ ತೂತು ಅಷ್ಟೇ ಇದೆ, ಅದರಲ್ಲಿ ಹಾದುಹೋಗುವ ಪ್ರತಿ ಹನಿಯಲ್ಲಿ ಈಗ ಆಯಿಲಿನ ಪಾಲು ಹೆಚ್ಚು, ಪೆಟ್ರೋಲಿನ ಪಾಲು ಸುಮಾರು ಶೇ. 4ರಷ್ಟು ಕಡಿಮೆ. ಬೆರಕೆ ಮಂದವಾಗಿರುವುದರಿಂದ ಹರಿಯುವುದೂ ನಿಧಾನ. ಉರಿಯುವ ಲೆಕ್ಕದಲ್ಲಿ ಹದ ಲೀನ್ ಆಗಿದೆ! ಸವೆತಕ್ಕೆ ಆಯಿಲ್ ಒಳ್ಳೆಯದು ನಿಜ, ಆದರೆ ಹೀಟ್ ಇಳಿಸಲು ಆಯಿಲ್ ಸುರಿಯುವವರು ಅದೇ ಕೈಯಿಂದ ಹದವನ್ನು ಲೀನ್ ಕಡೆಗೆ ತಳ್ಳುತ್ತಿರುತ್ತಾರೆ. ಸೈಲೆನ್ಸರ್ ತುಂಬ ಕರಿ ಕಟ್ಟುವುದು ಬೇರೆ.

◆ ಮಡಿಕೇರಿಯಿಂದ ಆನೆಕಾಡು ದಾಟಿ ಕುಶಾಲನಗರ, ಬೈಲುಕುಪ್ಪೆ, ಪಿರಿಯಾಪಟ್ಟಣದ ಕಡೆ ಇಳಿದು ಬರುವ ಜಾವಾ ಸವಾರರು ಇಳಿಜಾರಿನಲ್ಲಿ ನಡುನಡುವೆ ಒಮ್ಮೆ ಆಕ್ಸಿಲರೇಟರ್ ತಿರುವುವುದನ್ನು ನೋಡಿರಬಹುದು. ಅದು ಜಂಬಕ್ಕಲ್ಲ. ಈ ಇಂಜಿನ್ನಿಗೆ ಆಯಿಲ್ ಬರುವುದೇ ಪೆಟ್ರೋಲಿನ ಜೊತೆ. ಆಕ್ಸಿಲರೇಟರ್ ಮುಚ್ಚಿ ಗೇರಿನಲ್ಲಿ ಇಳಿದರೆ ಇಂಜಿನ್ ಜೋರಾಗಿ ತಿರುಗುತ್ತಲೇ ಇರುತ್ತದೆ, ಆದರೆ ಪೆಟ್ರೋಲೂ ಇಲ್ಲ, ಆಯಿಲೂ ಇಲ್ಲ. ಹೀಗೆ ಇಳಿದೇ ಪಿಸ್ಟನ್ ಸೀಜ್ ಮಾಡಿಕೊಂಡವರು ಇದ್ದಾರೆ.

◆ ‘ಲೀನ್ ಆದರೆ ಹೀಟ್’ ಎಂಬ ಗ್ಯಾರೇಜಿನ ಸೂತ್ರವೂ ಅರ್ಧ ಸತ್ಯವೇ. ಬಲವಾಗಿ ಓಡುವಾಗ ಹೆಚ್ಚಿನ ಗಾಡಿಗಳ ಹದ 12.5ರ ಹತ್ತಿರ, ಅಂದರೆ ರಿಚ್ ಬದಿಯಲ್ಲಿರುತ್ತದೆ. ಅಲ್ಲಿಂದ ಲೀನ್ ಮಾಡುತ್ತ ಹೋದಂತೆ ಸೈಲೆನ್ಸರಿಗೆ ಬರುವ ಹೊಗೆಯ ಬಿಸಿ ಏರುತ್ತದೆ, 14.7ರ ಆಸುಪಾಸಿನಲ್ಲಿ ತುತ್ತತುದಿ ಮುಟ್ಟುತ್ತದೆ. ಇನ್ನೂ ಲೀನ್ ಮಾಡಿದರೆ? ಮತ್ತೆ ಇಳಿಯುತ್ತದೆ! ಉರಿಸಲು ಪೆಟ್ರೋಲೇ ಸಾಲದು, ಹೆಚ್ಚಾದ ಗಾಳಿ ಬಿಸಿಯನ್ನು ಹೀರಿಕೊಳ್ಳುತ್ತದೆ. ಆದರೆ ಆ ಹೊತ್ತಿಗೆ ಗಾಡಿ ಮಿಸ್ಸಿಂಗ್ ಹೊಡೆಯಲು ಶುರುಮಾಡಿರುತ್ತದೆ. ಹಾಗಾಗಿ ಸವಾರನಿಗೆ ಅನುಭವಕ್ಕೆ ಬರುವುದು ಏರುವ ಬದಿ ಮಾತ್ರ. ಸೂತ್ರ ಅರ್ಧವಾದರೂ ದಾರಿ ತಪ್ಪಿಸುವುದಿಲ್ಲ.

ಇನ್ನೊಂದು ಕಾರಣವೂ ಇದೆ. ಲೀನ್ ಹದ ನಿಧಾನವಾಗಿ ಉರಿಯುತ್ತದೆ. ಎಕ್ಸಾಸ್ಟ್ ವಾಲ್ವ್ ತೆರೆದುಕೊಳ್ಳುವ ಹೊತ್ತಿಗೂ ಉರಿ ಮುಗಿದಿರುವುದಿಲ್ಲ. ಸೈಲೆನ್ಸರ್ ಪೈಪು ಇಂಜಿನ್ನಿಗೆ ಸೇರುವ ಜಾಗದಲ್ಲಿ ಕ್ರೋಮ್ ನೀಲಿಗಟ್ಟಿದ್ದರೆ ಒಂದು ಗುಮಾನಿ ಇಲ್ಲಿರಲಿ. ಆಕ್ಸಿಲರೇಟರ್ ಬಿಟ್ಟೊಡನೆ ಸೈಲೆನ್ಸರ್ ಪಟಪಟ ಎಂದರಂತೂ ಇನ್ನಷ್ಟು.

◆ ರಿಚ್ ಹದ ಏಕೆ ತಂಪು? ಆವಿಯಾಗುವ ಪೆಟ್ರೋಲ್ ಬಿಸಿ ಹೀರುತ್ತದೆ ಎಂಬುದು ಒಂದು ಕಾರಣ, ಎಲ್ಲರೂ ಹೇಳುವುದು ಇದನ್ನೇ. ಇನ್ನೊಂದು ಇದಕ್ಕಿಂತ ಸ್ವಾರಸ್ಯ. ಕಾರ್ಬನ್ ಪೂರ್ತಿ ಉರಿದು ಕಾರ್ಬನ್ ಡೈ ಆಕ್ಸೈಡ್ ಆದರೆ ಬಿಡುವ ಶಾಖಕ್ಕೆ ಹೋಲಿಸಿದರೆ, ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಆದಾಗ ಬಿಡುವುದು ಶೇ. 28ರಷ್ಟು ಮಾತ್ರ. ಗಾಳಿ ಸಾಲದೆ ಅರ್ಧಕ್ಕೇ ನಿಂತ ಉರಿ ಅದು. ಉಳಿದ ಶಾಖ ವಿಷವಾಗಿ ಸೈಲೆನ್ಸರಿನಿಂದ ಆಚೆ ಹೋಗುತ್ತದೆ. ಬೆಳಿಗ್ಗೆ ಶೆಡ್ಡಿನ ಬಾಗಿಲು ಹಾಕಿಕೊಂಡು ಚೋಕಿನಲ್ಲಿ ಗಾಡಿ ಬಿಸಿ ಮಾಡುವವರು ಜೀವದ ಜೊತೆ ಆಡುತ್ತಿದ್ದಾರೆ. ಆ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

◆ ಹಾಗೆಂದು ರಿಚ್ ಆಗಿಯೇ ಓಡಿಸುವ ಜಾಣತನವೂ ಬೇಡ. ಆವಿಯಾಗದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ಪದರವನ್ನು ತೊಳೆದು, ಕೆಳಗಿನ ಆಯಿಲಿಗೇ ಇಳಿದು ಅದನ್ನು ನೀರು ಮಾಡುತ್ತದೆ. ಡಿಪ್‌ಸ್ಟಿಕ್ ಎಳೆದು ಮೂಸಿದರೆ ಪೆಟ್ರೋಲ್ ವಾಸನೆ.

◆ ಎರಡನೇ ಮಹಾಯುದ್ಧದಲ್ಲೂ ಮೈಲೇಜಿಗೆ ಸೆಟ್ ಮಾಡಿದ್ದರು! 1927ರಲ್ಲಿ ಅಟ್ಲಾಂಟಿಕ್ ಸಾಗರವನ್ನು ಒಂಟಿಯಾಗಿ ಹಾರಿ ದಾಟಿದ ಚಾರ್ಲ್ಸ್ ಲಿಂಡ್‌ಬರ್ಗ್ 1944ರಲ್ಲಿ ಪೆಸಿಫಿಕ್ ಸಾಗರದ ಅಮೆರಿಕನ್ ಯುದ್ಧವಿಮಾನ ಪೈಲಟ್‌ಗಳಿಗೆ ಲೀನ್ ಹದದಲ್ಲಿ ದೂರ ಹಾರುವುದನ್ನು ಕಲಿಸಿದರು. ಇಂಜಿನ್ ಸುಟ್ಟುಹೋದೀತೆಂದು ಪೈಲಟ್‌ಗಳಿಗೆ ಅನುಮಾನವಿತ್ತು. ಗುಟ್ಟೇನೆಂದರೆ ಲೀನ್ ಮಾಡುವ ಜೊತೆಗೆ ಇಂಜಿನ್ನಿನ ಸುತ್ತುಗಳನ್ನೂ ಅವರು ಇಳಿಸುತ್ತಿದ್ದರು. ನಮ್ಮವರು ಲೀನ್ ಮಾಡಿಸಿಕೊಂಡು ಹುಣಸೂರು ರಸ್ತೆಯಲ್ಲಿ ಎಂಬತ್ತರಲ್ಲಿ ಬಿಡುತ್ತಾರೆ.

◆ ಕಾರ್ಬುರೇಟರಿನ ಸ್ಕ್ರೂ ಬಿಚ್ಚಿದರೆ ಲೀನ್ ಆಗುತ್ತದೋ ರಿಚ್ ಆಗುತ್ತದೋ? ಉತ್ತರ, ಸ್ಕ್ರೂ ಎಲ್ಲಿದೆ ನೋಡಿ. ಏರ್ ಫಿಲ್ಟರ್ ಬದಿಗಿದ್ದರೆ ಅದು ಸಾಮಾನ್ಯವಾಗಿ ಗಾಳಿಯ ಸ್ಕ್ರೂ, ಬಿಚ್ಚಿದರೆ ಲೀನ್. ಇಂಜಿನ್ ಬದಿಗಿದ್ದರೆ ಪೆಟ್ರೋಲಿನ ಸ್ಕ್ರೂ, ಬಿಚ್ಚಿದರೆ ರಿಚ್. ಒಂದೇ ತಿರುವು, ತದ್ವಿರುದ್ಧ ಫಲ. ಮೊಬೈಲಿನಲ್ಲಿ ವಿಡಿಯೊ ನೋಡಿ ಸ್ಕ್ರೂಡ್ರೈವರ್ ಹಿಡಿಯುವ ಹುಡುಗರು ಎಡವುವುದು ಇಲ್ಲೇ.

◆ ಆ ಸ್ಕ್ರೂವಿನ ಅಧಿಕಾರ ಐಡ್ಲಿಂಗಿಗೂ ನಿಧಾನದ ಓಟಕ್ಕೂ ಮಾತ್ರ. ಆಕ್ಸಿಲರೇಟರ್ ಅರ್ಧದಷ್ಟು ತಿರುವಿದಾಗ ನೀಡಲ್‌ನ ಆಡಳಿತ, ಪೂರ್ತಿ ತಿರುವಿದಾಗ ಮೇನ್ ಜೆಟ್‌ನದು. ಹೈವೇಯಲ್ಲಿ ಹೀಟ್ ಆಗುವ ಗಾಡಿಗೆ ಐಡ್ಲಿಂಗ್ ಸ್ಕ್ರೂ ತಿರುವಿ ಪ್ರಯೋಜನವಿಲ್ಲ, ಮೈಲೇಜೂ ಅದರಿಂದ ಅಷ್ಟೇನೂ ಹೆಚ್ಚುವುದಿಲ್ಲ. ಕೆಡುವುದು ಬೆಳಗಿನ ಸ್ಟಾರ್ಟಿಂಗ್ ಒಂದೇ.

◆ ಕಾರ್ಬುರೇಟರ್ ಮುಟ್ಟದೆಯೂ ಹದ ಕೆಡಬಹುದು. ಕಾರ್ಬುರೇಟರಿಗೂ ಇಂಜಿನ್ನಿಗೂ ನಡುವಿನ ರಬ್ಬರ್ ಸೀಳಿದರೆ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗಿ ಲೀನ್ ಆಗುತ್ತದೆ. ಐಡ್ಲಿಂಗ್ ತಾನೇ ಏರುವುದು ಅದರ ಲಕ್ಷಣ. ಕೆ.ಆರ್. ನಗರದ ಕಡೆ ಭತ್ತದ ಒಕ್ಕಣೆ, ಕಬ್ಬಿನ ಸಾಗಣೆಯ ಕಾಲದಲ್ಲಿ ಏಳುವ ಧೂಳಿನಿಂದ ಫಿಲ್ಟರ್ ಕಟ್ಟಿಕೊಂಡರೆ ರಿಚ್. ಸಿಟ್ಟಿನಲ್ಲಿ ಫಿಲ್ಟರನ್ನೇ ಕಿತ್ತುಹಾಕಿದರೆ ಮತ್ತೆ ಲೀನ್, ಮೇಲೆ ಸಿಲಿಂಡರಿಗೆ ಧೂಳಿನ ಉಜ್ಜಾಟ.

◆ ಪ್ಲಗ್ ಸುಳ್ಳು ಹೇಳುವುದಿಲ್ಲ. ಬಿಸ್ಕತ್ತಿನ ಕಂದು ಬಣ್ಣವಿದ್ದರೆ ಹದ ಸರಿ, ಸುಣ್ಣದಂತೆ ಬೆಳ್ಳಗಿದ್ದರೆ ಲೀನ್, ಒಣ ಮಸಿ ಹಿಡಿದಿದ್ದರೆ ರಿಚ್. ಪ್ಲಗ್ಗಿನ ತುದಿ ಸುಮಾರು 450 ಡಿಗ್ರಿ ದಾಟಿದರೆ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಮನೆಯಿಂದ ಡೈರಿಗೆ, ಡೈರಿಯಿಂದ ಮನೆಗೆ ಚೋಕಿನಲ್ಲೇ ಓಡುವ ಗಾಡಿಯ ಪ್ಲಗ್ ಆ ಬಿಸಿ ಕಾಣುವುದೇ ಇಲ್ಲ. ವಾರಕ್ಕೊಮ್ಮೆ ಒಂದಿಷ್ಟು ದೂರ ಓಡಿಸಿದರೆ ಅದೇ ಸರ್ವಿಸ್.

◆ ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ! ಚಳಿಯ ಬೆಳಿಗ್ಗೆ ಸೈಲೆನ್ಸರಿನಿಂದ ಬರುವ ಬಿಳಿ ಹಬೆ, ತೊಟ್ಟಿಕ್ಕುವ ಹನಿ ಅದೇ. ಗಾಬರಿ ಬೇಡ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಕಪ್ಪು ಬಂದರೆ ಪೆಟ್ರೋಲ್ ಜಾಸ್ತಿ.

◆ ಹಿಮ ಬೀಳದ ಊರಲ್ಲೂ ಕಾರ್ಬುರೇಟರಿನಲ್ಲಿ ಐಸ್ ಕಟ್ಟಬಹುದು. ಗಾಳಿ ಕಿರಿದಾದ ಕಂಠದಲ್ಲಿ ನುಗ್ಗುವಾಗ, ಪೆಟ್ರೋಲ್ ಆವಿಯಾಗುವಾಗ ಅಲ್ಲಿನ ಉಷ್ಣಾಂಶ 20 ಡಿಗ್ರಿಯಷ್ಟು ಬೀಳುವುದುಂಟು. ಹೊರಗೆ 10–15 ಡಿಗ್ರಿ ಚಳಿ, ಜೊತೆಗೆ ದಟ್ಟ ಮಂಜು ಇದ್ದರೆ ಅದಕ್ಕೆ ತಕ್ಕ ವಾತಾವರಣ. ಸಣ್ಣ ವಿಮಾನಗಳ ಪೈಲಟ್‌ಗಳು ಇದಕ್ಕೆ ಹೆದರಿ ಕಾರ್ಬುರೇಟರಿಗೆ ಬಿಸಿಗಾಳಿ ಹಾಯಿಸುವ ಗುಂಡಿಯನ್ನೇ ಇಟ್ಟುಕೊಂಡಿರುತ್ತಾರೆ.

◆ ಹೊಳೆ, ನಾಲೆಯ ದಂಡೆಯಲ್ಲಿ ಸೀಮೆಎಣ್ಣೆ ಪಂಪು ಓಡಿಸಿದ ರೈತರಿಗೆ ಈ ಪಾಠವೆಲ್ಲ ಮೊದಲೇ ಕರಗತ. ಸೀಮೆಎಣ್ಣೆ ಸುಮಾರು 35 ಡಿಗ್ರಿ ದಾಟುವವರೆಗೆ ಹೊತ್ತಿಕೊಳ್ಳುವಷ್ಟು ಆವಿ ಬಿಡುವುದಿಲ್ಲ. ಪೆಟ್ರೋಲಾದರೋ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಬಿಡುತ್ತದೆ. ಅದಕ್ಕೇ ಆ ಪಂಪಿಗೆ ಎರಡು ಟ್ಯಾಂಕು, ಪೆಟ್ರೋಲಿಗೆ ಚಿಕ್ಕದು, ಸೀಮೆಎಣ್ಣೆಗೆ ದೊಡ್ಡದು. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಇಂಜಿನ್ ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ಜಾಣತನ ಇರುವುದು ನಿಲ್ಲಿಸುವಾಗ. ನಿಲ್ಲಿಸುವ ಮೊದಲೇ ಮತ್ತೆ ಪೆಟ್ರೋಲಿಗೆ ತಿರುಗಿಸಿ ಕೊಂಚ ಹೊತ್ತು ಓಡಿಸಿದರೆ ಮಾರನೇ ಬೆಳಿಗ್ಗೆ ಕಾರ್ಬುರೇಟರಿನಲ್ಲಿ ಪೆಟ್ರೋಲೇ ಕಾದಿರುತ್ತದೆ. ಮರೆತರೆ, ಅದನ್ನು ಬರಿದುಮಾಡಿ ಮತ್ತೆ ತುಂಬಿಸುವವರೆಗೆ ಹಗ್ಗ ಎಳೆಯುತ್ತ ನಿಲ್ಲಬೇಕು.

◆ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಒಲೆಯೂ ಗಾಳಿ, ಉರುವಲಿನ ಹದದ ಇದೇ ಕಾನೂನಿಗೆ ತಲೆಬಾಗುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೋಟೆಯ ಬೆಳೆಗಾರರು ದಂಟು ಒಣಗಿಸುವ ಕೊನೆಯ ಹಂತದಲ್ಲಿ ಬ್ಯಾರನ್ನನ್ನು 160 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 71 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಒಲೆಗೆ ಗಾಳಿ ಸಾಲದಿದ್ದರೆ ಬರೀ ಹೊಗೆ, ಸೌದೆ ದಂಡ. ಗಾಳಿ ಮಿತಿಮೀರಿದರೆ ಬಿಸಿಯೆಲ್ಲ ಚಿಮಣಿಯ ಪಾಲು. ರಾತ್ರಿಯಿಡೀ ಬ್ಯಾರನ್ ಕಾದ ರೈತನಿಗೆ ಕಾರ್ಬುರೇಟರನ್ನು ಹೊಸದಾಗಿ ವಿವರಿಸಬೇಕಿಲ್ಲ.

◆ ಡೀಸೆಲ್ ಇಂಜಿನ್ನಿನದು ಪೂರಾ ಉಲ್ಟಾ ಲೋಕ. ಅಲ್ಲಿ ಚೋಕೂ ಇಲ್ಲ, ಪ್ಲಗ್ಗಿನ ಕಿಡಿಯೂ ಇಲ್ಲ. ಗಾಳಿ ಪೂರ್ತಿ ಒಳಬರುತ್ತದೆ, ಆಕ್ಸಿಲರೇಟರ್ ಒತ್ತಿದಷ್ಟು ಡೀಸೆಲ್ ಹೆಚ್ಚುತ್ತದೆ, ಡೀಸೆಲ್ ಹೆಚ್ಚಿದಷ್ಟೂ ಹೀಟು. ಪೆಟ್ರೋಲ್ ಗಾಡಿಯ ಮಾಲೀಕ ಲೀನ್ ಆಯಿತೆಂದು ಹೆದರಬೇಕು, ಟ್ರ್ಯಾಕ್ಟರ್ ಮಾಲೀಕ ಕಪ್ಪು ಹೊಗೆ ಕಂಡರೆ ಹೆದರಬೇಕು. ಐಡ್ಲಿಂಗಿನಲ್ಲಿ ಡೀಸೆಲ್ ಇಂಜಿನ್ನಿನ ಒಂದು ಪಾಲು ಎಣ್ಣೆಗೆ 60 ಪಾಲು ಅಥವಾ ಇನ್ನೂ ಹೆಚ್ಚು ಗಾಳಿ ಇರುತ್ತದೆ, ಆದ್ದರಿಂದ ಅದು ಬೇಗ ಬಿಸಿಯಾಗುವುದಿಲ್ಲ. ಚಿಲ್ಕುಂದ, ಕಂಪಲಾಪುರದ ತಂಬಾಕು ಹರಾಜು ಕಟ್ಟೆಗೆ ಬೇಲು ಸಾಗಿಸಲು ಬೆಳಗಾಗುವ ಮೊದಲೇ ಟ್ರ್ಯಾಕ್ಟರ್ ಸ್ಟಾರ್ಟ್ ಮಾಡಿ, ಅರ್ಧ ಗಂಟೆ ‘ಕಾಯಲಿ’ ಎಂದು ಬಿಡುವುದು ಡೀಸೆಲಿಗೆ ದಂಡ. ಒಂದೆರಡು ನಿಮಿಷ ಬಿಟ್ಟು, ಮೆಲ್ಲಗೆ ಹೊರಟರೆ ಬೇಗ ಕಾಯುತ್ತದೆ. ಹೀಟರ್ ಇರುವ ಟ್ರ್ಯಾಕ್ಟರಿನಲ್ಲಿ ಕೀ ತಿರುವಿ ಕೆಲವು ಸೆಕೆಂಡು ತಾಳಬೇಕು. ಡೀಸೆಲ್ ಹೊತ್ತಿಸುವ ಒತ್ತಡದ ಬಿಸಿ ಸಾಲದಿದ್ದಾಗ ಹೀಟರ್ ಸಾಲ ಕೊಡುವ ಬಿಸಿ ಅದು.

◆ ಎಚ್.ಡಿ. ಕೋಟೆಯಿಂದ ಅಂತರಸಂತೆ, ಬಾವಲಿ ಮೂಲಕ ಮಾನಂದವಾಡಿಗೆ ಹೋಗುವ ಕಾಡುರಸ್ತೆಯಲ್ಲಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಸಂಚಾರವಿಲ್ಲ. ಚೆಕ್‌ಪೋಸ್ಟಿನಲ್ಲಿ ಆರಕ್ಕೆ ಮುಂಚೆ ಸಾಲುಗಟ್ಟಿ ಇಂಜಿನ್ ಓಡಿಸಿಕೊಂಡೇ ನಿಲ್ಲುವವರಿಗೂ ಇದೇ ಮಾತು. ಕಾಡುಪ್ರಾಣಿಗಳಿಗಾದರೂ ಆ ಹೊಗೆ, ಸದ್ದು ತಪ್ಪಲಿ.

◆ ‘ನಮ್ಮ ಸೆಕೆಗೆ ಇದೆಲ್ಲ ಬೇಡ’ ಎಂದು ಕಾರಿನ ಥರ್ಮೋಸ್ಟ್ಯಾಟ್ ಕಿತ್ತೆಸೆಯುವ ಪದ್ಧತಿ ಅಂಬಾಸಿಡರ್ ಕಾಲದಿಂದ ಬಂದದ್ದು. ನೀರು 80–90 ಡಿಗ್ರಿ ಮುಟ್ಟುವವರೆಗೆ ರೇಡಿಯೇಟರಿನ ದಾರಿ ಮುಚ್ಚಿಟ್ಟು ಇಂಜಿನ್ನನ್ನು ಬೇಗ ಕಾಯಿಸುವುದು ಅದರ ಕೆಲಸ. ಇಂದಿನ ಕಾರಿನಲ್ಲಿ ಅದನ್ನು ಕಿತ್ತರೆ ಕಂಪ್ಯೂಟರ್ ‘ಇಂಜಿನ್ ಇನ್ನೂ ತಣ್ಣಗಿದೆ’ ಎಂದುಕೊಂಡು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ.

◆ 2020ರ ಏಪ್ರಿಲ್ 1ರಂದು ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕುಗಳಿಂದ ಕಾರ್ಬುರೇಟರ್ ಮಾಯವಾಗುತ್ತ ಬಂತು. ಈಗ ಹದ ನೋಡುವುದು ಇಂಜಿನ್ ಬಿಸಿ ಅಳೆಯುವ ಸೆನ್ಸರ್, ಗಾಳಿ ಅಳೆಯುವ ಸೆನ್ಸರ್, ಸೈಲೆನ್ಸರಿನೊಳಗಿನ ಆಕ್ಸಿಜನ್ ಸೆನ್ಸರ್. ಕೊನೆಯದು ಸುಮಾರು 300 ಡಿಗ್ರಿ ಬಿಸಿಯಾಗುವವರೆಗೆ ನಿದ್ದೆಯಲ್ಲೇ ಇರುತ್ತದೆ. ಅಲ್ಲಿಯವರೆಗೆ ಕಂಪ್ಯೂಟರ್ ಕೂಡ ಹಳೇ ಮೆಕ್ಯಾನಿಕ್ಕಿನಂತೆ ಅಂದಾಜಿನಲ್ಲೇ ಪೆಟ್ರೋಲ್ ಬಿಡುತ್ತದೆ.

◆ ಈಗ ಬಂಕುಗಳಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ಶೇ. 20 ಎಥನಾಲ್. ಕೆ.ಆರ್. ನಗರದಂಥ ಕಡೆ ಬೆಳೆಯುವ ಕಬ್ಬು ಅದರ ಮೂಲಗಳಲ್ಲೊಂದು. ಎಥನಾಲಿನೊಳಗೇ ಆಕ್ಸಿಜನ್ ಇರುವುದರಿಂದ ಅದಕ್ಕೆ ಬೇಕಾದ ಗಾಳಿ 14.7 ಅಲ್ಲ, 9 ಪಾಲು. ಇ20ಕ್ಕೆ ಸುಮಾರು 13.5. ಕಾರ್ಬುರೇಟರಿಗೆ ಈ ಸುದ್ದಿ ಯಾರೂ ತಿಳಿಸಿಲ್ಲ. ಹಳೆಯ ಜೆಟ್ಟಿನಲ್ಲಿ ಹಳೆಯಷ್ಟೇ ಬಿಡುತ್ತದೆ, ಹದ ತಾನಾಗಿಯೇ ಲೀನ್ ಆಗುತ್ತದೆ. ಮೈಲೇಜಿಗೆಂದು ಮೊದಲೇ ಅಂಚಿನಲ್ಲಿ ನಿಲ್ಲಿಸಿದ ಗಾಡಿಗೆ ಇದು ಮೇಲಿಂದ ಒಂದು ನೂಕು. ಅಂಥವರು ಇನ್ನಷ್ಟು ಲೀನ್ ಮಾಡಿಸುವ ಬದಲು ನೀಡಲ್ಲಿನ ಕ್ಲಿಪ್ಪನ್ನು ಒಂದು ಗೆರೆ ಕೆಳಗಿಳಿಸಲು ಹೇಳಿದರೆ ನೀಡಲ್ ಮೇಲೆದ್ದು, ನಡುಹದದ ಓಟದಲ್ಲಿ ಪೆಟ್ರೋಲ್ ತುಸು ಹೆಚ್ಚು ಸಿಗುತ್ತದೆ.

◆ ಎಥನಾಲ್ ಆವಿಯಾಗುವಾಗ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಬಿಸಿ ಹೀರುತ್ತದೆ. ಮಧ್ಯಾಹ್ನಕ್ಕೆ ಅದು ಲಾಭ, ಬೆಳಗಿನ ಹೊತ್ತಿಗೆ ಸಂಕಟ. ಬ್ರೆಜಿಲ್‌ನಲ್ಲಿ ಬರೀ ಎಥನಾಲಿನಲ್ಲೂ ಓಡುವ ಕಾರುಗಳಿಗೆ, ಚಳಿಯಲ್ಲಿ ಸ್ಟಾರ್ಟ್ ಮಾಡಲೆಂದೇ ಬಹಳ ವರ್ಷ ಪುಟ್ಟದೊಂದು ಪೆಟ್ರೋಲ್ ಟ್ಯಾಂಕ್ ಇಟ್ಟಿರುತ್ತಿದ್ದರು. ನಮ್ಮ ಸೀಮೆಎಣ್ಣೆ ಪಂಪಿನ ಚಿಕ್ಕ ಟ್ಯಾಂಕಿನ ನೆಂಟ!

◆ ಕೊನೆಯದಾಗಿ, ಜಾವಾ, ಯೆಜ್ಡಿ, ಹಳೇ ಟಿವಿಎಸ್ ಎಕ್ಸೆಲ್ ಇಟ್ಟುಕೊಂಡವರಿಗೆ. ಎಥನಾಲ್ ನೀರನ್ನು ಸೆಳೆದು ತನ್ನೊಳಗೆ ಬೆರೆಸಿಕೊಳ್ಳುತ್ತದೆ, ಆದರೆ ಒಂದು ಮಿತಿಯವರೆಗೆ. ಚಳಿ ಹೆಚ್ಚಿದಷ್ಟೂ ಆ ಮಿತಿ ಕುಗ್ಗುತ್ತದೆ. ಟ್ಯಾಂಕಿಗೆ ಮಳೆನೀರು ಇಳಿದಿದ್ದರೆ ಮಾಗಿಯ ಒಂದು ರಾತ್ರಿ ನೀರೂ ಎಥನಾಲೂ ಒಟ್ಟಾಗಿ ಬೇರ್ಪಟ್ಟು ತಳಕ್ಕೆ ಕೂರುತ್ತವೆ. ಪೆಟ್ರೋಲಿನೊಂದಿಗೆ ಬೆರೆಸಿದ ಟೂ ಟಿ ಆಯಿಲ್ ಮೇಲಿನ ಪದರದಲ್ಲೇ ಉಳಿಯುತ್ತದೆ. ಕಾರ್ಬುರೇಟರಿಗೆ ಮೊದಲು ಹೋಗುವುದು ತಳದ್ದು. ಅದರಲ್ಲಿ ಹೊತ್ತುವ ಶಕ್ತಿಯೂ ಕಡಿಮೆ, ಪಿಸ್ಟನ್ನಿಗೆ ಬೇಕಾದ ಆಯಿಲೂ ಇಲ್ಲ. ತಿಂಗಳುಗಟ್ಟಲೆ ನಿಂತ ಗಾಡಿಯಾದರೆ ಕಿಕ್ ಹೊಡೆಯುವ ಮೊದಲು ಪೆಟ್ರೋಲ್ ಪೈಪು ಬಿಚ್ಚಿ ಒಂದಿಷ್ಟನ್ನು ಗಾಜಿನ ಬಾಟಲಿಗೆ ಇಳಿಸಿ ನೋಡಿ. ನಡುವೆ ಗೆರೆ ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಹೊಸ ಪೆಟ್ರೋಲಿಗೆ ಹೊಸದಾಗಿ ಆಯಿಲ್ ಬೆರೆಸಿ ಹಾಕಿ.